ಜೋಯಿಡಾ ಕಾಡಿನ ಹೋಂಸ್ಟೇಯಲ್ಲಿ ಎರಡು ರಾತ್ರಿ

ನವೆಂಬರ್ ಕೊನೆಗೆ ಅಮ್ಮನ ಜೊತೆ ಜೋಯಿಡಾ ತಾಲ್ಲೂಕಿನ ಒಂದು ಪುಟ್ಟ ಊರಿಗೆ ಹೋಗಿದ್ದೆ. ಏಳೆಂಟು ಮನೆ, ಸುತ್ತ ಕಾಡು, ಹಿತ್ತಲಿನ ಕೆಳಗೇ ಕಾಳಿ ನದಿಗೆ ಸೇರುವ ಹಳ್ಳ. ಕುಣಬಿ ಸಮುದಾಯದ ಕುಟುಂಬದವರ ಮನೆ. ಒಬ್ಬರಿಗೆ ದಿನಕ್ಕೆ 1,500 ರೂಪಾಯಿ, ಮೂರು ಹೊತ್ತಿನ ಊಟವೂ ಸೇರಿ.

ಊಟದ ಬಗ್ಗೆ ಹೇಳಲೇಬೇಕು. ಇಲ್ಲಿನವರು ಗಡ್ಡೆ ಗೆಣಸು ಬೆಳೆಯುವುದರಲ್ಲಿ ಎತ್ತಿದ ಕೈ. ಜೋಯಿಡಾದಲ್ಲಿ ಅದಕ್ಕಾಗಿಯೇ ಮೇಳ ನಡೆಯುತ್ತದೆ. ಮುಡ್ಲಿ ಅಂತ ದೊಡ್ಡ ಕೆಸುವಿನ ಗಡ್ಡೆ. ಅದನ್ನು ಹೆಚ್ಚುವ ಮುಂಚೆ ಅಡುಗೆ ಮಾಡುತ್ತಿದ್ದ ಆ ಮನೆಯ ಅಕ್ಕ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರು, ಇಲ್ಲದಿದ್ದರೆ ತುರಿಕೆ. ಬೇಯುವಾಗ ಒಂದು ಹಿಡಿ ಒಣ ಮುರುಗಲು (ಕೋಕಂ) ಸಿಪ್ಪೆ ಹಾಕಿದರು. ಬೆಣ್ಣೆ ಹಾಗೆ ಕರಗುತ್ತಿತ್ತು! ಮೊದಲ ರಾತ್ರಿ ಅಮ್ಮ ಎರಡು ಸಲ ಬಡಿಸಿಕೊಂಡರು. ಮನೆಯಲ್ಲಿ ಅವರು ಅಷ್ಟು ಊಟ ಮಾಡಿ ವರ್ಷವಾಗಿತ್ತು.

ಅಕ್ಕನ ಅತ್ತೆ ಕೊಂಕಣಿ ಬೆರೆಸಿದ ಕನ್ನಡದಲ್ಲಿ ಹಳೇ ಸೂಪಾದ ಸಂತೆ ಬಗ್ಗೆ ಹೇಳಿದರು. 101 ಮೀಟರ್ ಎತ್ತರದ ಅಣೆಕಟ್ಟು ಬಂದ ಮೇಲೆ ಆ ಊರೇ ನೀರಿನಡಿ ಹೋಯಿತು. ಅಮ್ಮ ಅವರ ಕೈ ಹಿಡಿದು ಕೂತೇ ಇದ್ದರು.

ಕೊರತೆ ಇಲ್ಲ ಅಂತಲ್ಲ. ಬಚ್ಚಲು ಇರುವುದು ಮನೆಯ ಹೊರಗೆ, ಅಲ್ಲಿಗೆ ಹೋಗುವ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ. ವಯಸ್ಸಾದವರಿಗೆ ಕಷ್ಟ. ಹೇಳಿದ ತಕ್ಷಣ ಬಿದಿರು ಕಟ್ಟಿ ಹಿಡಿಕೆ ಮಾಡಿಕೊಟ್ಟರು. ಫೋನ್ ಸಿಗ್ನಲ್ ಇಲ್ಲ, ನಿಮ್ಮ ಮನೆಯವರಿಗೆ ಮೊದಲೇ ಹೇಳಿ ಹೋಗಿ. ಟಾರ್ಚ್ ಮರೆಯಬೇಡಿ. ಬೆಳಿಗ್ಗೆ ಆರೂವರೆಗೆ ಎದ್ದರೆ ಅಂಗಳದ ಆಲದ ಮರಕ್ಕೆ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳು ಬರುತ್ತವೆ. ರೆಕ್ಕೆ ಸದ್ದು ಮೊದಲು ಕೇಳುತ್ತದೆ, ಆಮೇಲೆ ಹಕ್ಕಿ ಕಾಣುತ್ತದೆ.