ಹಿಂದಿನ ಡಿಸ್ಕ್ ಬ್ರೇಕಿಗೆ 21 ಪೀಸಿನ ವೈಂಡ್‌ಬ್ಯಾಕ್ ಸೆಟ್: ಕೊಳ್ಳಬಹುದೇ?

ಮುಂದಿನ ಬ್ರೇಕ್ ಪ್ಯಾಡ್ ಬದಲಿಸಲು ಒಂದು ಸಿ-ಕ್ಲ್ಯಾಂಪ್ ಸಾಕು, ಪಿಸ್ಟನ್ ನೇರ ಒಳಗೆ ಹೋಗುತ್ತದೆ. ಹಿಂದಿನದು ಹಾಗಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ಕ್ಯಾಲಿಪರ್‌ಗೇ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗಕ್ಕೇ) ಬಂದು ಸೇರಿದ್ದರೆ ಪಿಸ್ಟನ್ ಒಳಗೆ ತಿರುಪಿನ ಅಡ್ಜಸ್ಟರ್ ಇರುತ್ತದೆ, ತಿರುಗಿಸುತ್ತಲೇ ಒತ್ತಬೇಕು. ಕ್ಲ್ಯಾಂಪ್ ಹಾಕಿ ಅಮುಕಿದರೆ ಅಡ್ಜಸ್ಟರ್ ಕೆಟ್ಟು ಇಡೀ ಕ್ಯಾಲಿಪರ್ ಹೊಸದು ತರಬೇಕಾದೀತು. ಆನ್‌ಲೈನ್‌ನಲ್ಲಿ ಹೆಸರಿಲ್ಲದ ಡಬ್ಬದಲ್ಲಿ ಬರುವ ಈ ವೈಂಡ್‌ಬ್ಯಾಕ್ ಸೆಟ್ ಇರುವುದು ಆ ಒಂದು ಕೆಲಸಕ್ಕೆ, ಅದನ್ನು ಚೆನ್ನಾಗಿಯೇ ಮಾಡುತ್ತದೆ.

ಕೊಳ್ಳುವ ಮುಂಚೆ ಗಾಡಿಯ ಹಿಂಚಕ್ರದೊಳಗೆ ಇಣುಕಿ ನೋಡಿ. ಹಳೆಯ ರೆನೋ ಡಸ್ಟರ್ ಆಲ್‌ವೀಲ್ ಡ್ರೈವ್‌ಗೆ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ) ಹಿಂದೆ ಡ್ರಮ್ ಬ್ರೇಕ್, ಸೆಟ್ ಬೇಡ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು, ಅದಕ್ಕೆ ಹೆಚ್ಚಾಗಿ ಸ್ಕ್ಯಾನರ್ ಬೇಕಾಗುತ್ತದೆ. ಅಂಥ ಗಾಡಿಯಲ್ಲಿ ಮೋಟರ್ ಹಿಂದೆ ಸರಿದ ಮೇಲೆ ಪಿಸ್ಟನ್ ಸಾಮಾನ್ಯವಾಗಿ ನೇರ ಒಳಗೆ ಹೋಗುತ್ತದೆ.

ಡಬ್ಬದಲ್ಲಿ ಎರಡು ತಿರುಪುಗಳಿವೆ, ಒಂದು ಬಲಕ್ಕೆ ತಿರುಗುವ ಥ್ರೆಡ್, ಇನ್ನೊಂದು ಎಡಕ್ಕೆ ತಿರುಗುವುದು. ಉಳಿದವು ಬಹುತೇಕ ಪಿಸ್ಟನ್ ಮುಖದ ಗುಂಡಿಗೆ (ತಗ್ಗಿಗೆ) ಕೂರುವ ಅಡಾಪ್ಟರ್‌ಗಳು. ಒಂದು ಗಾಡಿಗೆ ಬೇಕಾಗುವುದು ಒಂದೇ ಒಂದು ಅಡಾಪ್ಟರ್. ಅಡಾಪ್ಟರ್ ಹಿಡಿಯುವ ಮ್ಯಾಗ್ನೆಟ್ ದುರ್ಬಲ, ತಿರುಪು ಒಣಗಿಕೊಂಡೇ ಬರುತ್ತದೆ, ಮೊದಲೇ ಗ್ರೀಸ್ ಹಚ್ಚಿ. ಪಿಸ್ಟನ್ ತಿರುಗಿಯೂ ಒಳಗೆ ಹೋಗದಿದ್ದರೆ ಒತ್ತಡ ಸ್ವಲ್ಪ ಹೆಚ್ಚಿಸಿ. ಬಿಗಿದುಕೊಂಡರೆ ಅರ್ಧ ಸುತ್ತು ಹಿಂದಕ್ಕೆ ಬನ್ನಿ. ಬಲಪ್ರಯೋಗ ಮಾಡಿದರೆ ಅಡಾಪ್ಟರಿನ ಮೊಳೆ ಮುರಿಯುತ್ತದೆ. ತಿರುಗುವಾಗ ರಬ್ಬರ್ ಬೂಟ್ ಜೊತೆಗೇ ಹೆಣೆದುಕೊಳ್ಳುತ್ತದೆ, ಅದರ ತುಟಿಗೆ ಸಿಲಿಕೋನ್ ಗ್ರೀಸ್ ಸವರಿದರೆ ಜಾರಿಕೊಂಡು ನೇರ ನಿಲ್ಲುತ್ತದೆ. ಕೊನೆಗೆ ಪಿಸ್ಟನ್ನಿನ ಗುಂಡಿ ಪ್ಯಾಡಿನ ಹಿಂದಿನ ಗುಬಟಿಗೆ ಎದುರಾಗಿ ನಿಲ್ಲಬೇಕು. ಇಲ್ಲದಿದ್ದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ, ಪೆಡಲ್ ಮೆತ್ತಗಾಗುತ್ತದೆ.

ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಕೊರೆದಿರುತ್ತದೆ, ಮೈಕ್ರೋಮೀಟರಿನಿಂದ ಅಳೆದು ಅದಕ್ಕಿಂತ ತೆಳುವಾಗಿದ್ದರೆ ಎರಡೂ ಕಡೆ ಬದಲಿಸಿ. ಡಿಸ್ಕ್ ಹಬ್‌ಗೆ (ಚಕ್ರ ಕೂರುವ ಭಾಗಕ್ಕೆ) ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಸುತ್ತಿಗೆ ಬೇಡ. ಬಹಳ ಡಿಸ್ಕ್‌ಗಳಲ್ಲಿ ಎರಡು ಎಂ8 (8 ಮಿ.ಮೀ. ಬೋಲ್ಟಿನ) ಥ್ರೆಡ್ ತೂತುಗಳಿರುತ್ತವೆ, ಬೋಲ್ಟ್‌ಗಳನ್ನು ಸರದಿಯಲ್ಲಿ ಬಿಗಿದರೆ ಡಿಸ್ಕ್ ತಾನಾಗಿಯೇ ಹೊರಬರುತ್ತದೆ. ಹಬ್ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ ಹೊಳೆಯುವಂತೆ ಮಾಡಿ. ಬ್ರೇಕ್ ಹಾಕಿದಾಗಿನ ನಡುಕಕ್ಕೆ ಹಲವು ಸಲ ಅಲ್ಲಿ ಉಳಿದ ತುಕ್ಕಿನ ಪದರವೇ ಕಾರಣ, ಹೊಸ ಡಿಸ್ಕನ್ನು ಬೈಯುವವರು ಇದನ್ನು ನೋಡಿರುವುದಿಲ್ಲ. ಹೊಸ ಡಿಸ್ಕಿನ ಎಣ್ಣೆ ಪದರ ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ಹೋಗಬೇಕು. ಕ್ಯಾಲಿಪರನ್ನು ಹೋಸ್ ಮೇಲೆ ನೇತಾಡಿಸಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನಿಗೆ ಸಿಲಿಕೋನ್ ಬ್ರೇಕ್ ಗ್ರೀಸೇ ಆಗಬೇಕು, ಸಾಮಾನ್ಯ ಗ್ರೀಸಿಗೆ ರಬ್ಬರ್ ಉಬ್ಬುತ್ತದೆ. ದಾವಣಗೆರೆ–ಚಿತ್ರದುರ್ಗದ ಬಿಸಿಲು, ಧೂಳಿನಲ್ಲಿ ಓಡುವ ಗಾಡಿಯಲ್ಲಿ ಪಿನ್ನನ್ನು ಪ್ರತಿ ಸಲ ಹೊರಗೆ ತೆಗೆದು ಒರೆಸುವುದು ವ್ಯರ್ಥವಲ್ಲ. ಪಿಸ್ಟನ್ ಒಳಗೆ ಹೋದಂತೆ ರಿಸರ್ವಾಯರಿನ ಮಟ್ಟ ಏರುತ್ತದೆ, ಚೆಲ್ಲಿದ ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ.

ಆಲ್‌ವೀಲ್ ಡ್ರೈವ್ ಗಾಡಿಯಲ್ಲಿ ಜಾಕ್ ಸ್ಟ್ಯಾಂಡ್ ಮೇಲಿರುವಾಗ ಇಂಜಿನ್ ಹಾಕಿ ಗೇರಿಗೆ ಬಿಡಲೇಬೇಡಿ, ನೆಲದ ಮೇಲಿನ ಚಕ್ರಕ್ಕೆ ಶಕ್ತಿ ಹೋಗಿ ಗಾಡಿ ಸ್ಟ್ಯಾಂಡ್‌ನಿಂದ ಇಳಿದುಬಿಡುತ್ತದೆ. ಹಿಂದಿನ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಸಡಿಲಿಸಲೇಬೇಕು, ಆದ್ದರಿಂದ ಮುಂಚಕ್ರಗಳ ಎರಡೂ ಬದಿಗೆ ಕಲ್ಲು ಇಡಿ. ನ್ಯೂಟ್ರಲ್‌ನಲ್ಲಿ ಹಿಂಚಕ್ರ ಕೈಯಿಂದ ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಜೊತೆಗೆ ತಿರುಗಿ ಭಾರವೆನಿಸಬಹುದು. ಅದನ್ನು ಬ್ರೇಕ್ ಹಿಡಿದಿದೆಯೆಂದು ತಿಳಿದು ಪುನಃ ಬಿಚ್ಚಬೇಡಿ.

ಪ್ಯಾಡ್, ಡಿಸ್ಕ್, ಡಾಟ್ 4 ಬ್ರೇಕ್ ಆಯಿಲ್ ಎಲ್ಲ ದಾವಣಗೆರೆಯ ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತಾಳೆ ಮಾಡಿಸಿ, ಟೂವೀಲ್ ಡ್ರೈವ್ ಮಾದರಿಯ ಭಾಗ ಬೇರೆ ಇರಬಹುದು.

ಜೋಡಿಸಿದ ಮೇಲೆ ಗಾಡಿ ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಆಮೇಲೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು, ದಾವಣಗೆರೆ ಹತ್ತಿರದ ಕೊಂಡಜ್ಜಿ ಕಡೆಯಂಥ ಜನಸಂಚಾರ ಕಡಿಮೆಯ ರಸ್ತೆಯಲ್ಲಿ 50ರಿಂದ 10 ಕಿ.ಮೀ. ವೇಗಕ್ಕೆ ಎಂಟು–ಹತ್ತು ಬಾರಿ ಇಳಿಸಿ, ನಡುವೆ ಆರಲು ಬಿಡಿ, ಬಿಸಿ ಇರುವಾಗ ಪೆಡಲ್ ಒತ್ತಿ ನಿಲ್ಲಬೇಡಿ. ಹ್ಯಾಂಡ್‌ಬ್ರೇಕ್ ಲಿವರ್ ಹಲವು ಸಲ ಎಳೆದು ಬಿಟ್ಟ ಮೇಲೂ ಉದ್ದಕ್ಕೆ ಬರುತ್ತಿದ್ದರೆ, ಕೇಬಲ್ ಬಿಗಿಯುವ ಮುಂಚೆ ಪಿಸ್ಟನ್ನಿನ ಗುಂಡಿ ಸರಿಯಾಗಿ ಕೂತಿದೆಯೇ ಎಂದು ಮತ್ತೆ ನೋಡಿ.