ಪಾದ ಅಳೆದು ಶೂ ಕೊಡುವ ಅಂಗಡಿ: ಉಡುಪಿಯಲ್ಲಿ ನಮ್ಮ ಅನುಭವ

ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಅಜ್ಜರಕಾಡು ಕ್ರೀಡಾಂಗಣದಲ್ಲಿ 800 ಮೀಟರ್ ಓಟದ ಅಭ್ಯಾಸ ಮಾಡುತ್ತಾಳೆ. ಕಳೆದ ಆಗಸ್ಟ್‌ನ ಒಂದು ಸಂಜೆ ಅವಳು ಸಾಕ್ಸ್ ಕಳಚಿದಾಗ ಎರಡೂ ಹೆಬ್ಬೆರಳುಗಳ ಉಗುರು ಕಪ್ಪುಗಟ್ಟಿತ್ತು, ಬಲ ಹಿಮ್ಮಡಿಯಲ್ಲಿ ನೀರುಗುಳ್ಳೆ ಒಡೆದು ಬಟ್ಟೆಗೆ ಅಂಟಿಕೊಂಡಿತ್ತು. ಬೇರೆ ಊರಿನ ದೊಡ್ಡ ಮಳಿಗೆಯೊಂದರಲ್ಲಿ ಕೊಂಡ ಶೂ ಅದು. ಅಲ್ಲಿ ಯಾರೂ ಅವಳ ಪಾದ ಅಳೆದಿರಲಿಲ್ಲ, ಯಾವ ಆಟಕ್ಕೆ ಎಂದೂ ಕೇಳಿರಲಿಲ್ಲ. ಬೆಳೆಯುವ ಮಕ್ಕಳಿಗೆ ಒಂದು ಸೈಜ್ ದೊಡ್ಡದೇ ಇರಲಿ ಎಂದು ಮಾರಾಟದ ಹುಡುಗ ಹೇಳಿದ, ನಾನು ಒಪ್ಪಿದೆ. ಆ ಒಪ್ಪಿಗೆಯ ಬಗ್ಗೆ ನನಗೆ ಇಂದಿಗೂ ಬೇಸರವಿದೆ.

ಅವಳ ತರಬೇತುದಾರರ ಸಲಹೆಯಂತೆ ಈ ಬಾರಿ ನಾವು ಹೋದದ್ದು ಉಡುಪಿ ಸಿಟಿ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಸಣ್ಣ ಕ್ರೀಡಾ ಸಾಮಗ್ರಿಯ ಅಂಗಡಿಗೆ. ಹೊರಗಿನಿಂದ ಕೇರಂ ಬೋರ್ಡು, ಶಟಲ್ ಡಬ್ಬಿ, ಟ್ರೋಫಿಗಳೇ ಕಣ್ಣಿಗೆ ಬೀಳುತ್ತವೆ. ಶೂಗಳಿರುವುದು ಒಳಗಿನ ಕಿರಿದಾದ ಕೋಣೆಯಲ್ಲಿ. ಬೆಳಿಗ್ಗೆ ಫೋನ್ ಮಾಡಿದಾಗಲೇ ಮಾಲಕರು, ಸಂಜೆ ಐದರ ನಂತರ ಬನ್ನಿ, ಹಳೆಯ ಶೂವನ್ನೂ ಓಡುವಾಗ ಹಾಕುವ ಸಾಕ್ಸನ್ನೂ ತನ್ನಿ ಎಂದಿದ್ದರು. ದಿನವಿಡೀ ನಿಂತು ನಡೆದ ಪಾದ ಸಂಜೆಯ ಹೊತ್ತಿಗೆ ತುಸು ಊದಿಕೊಂಡಿರುತ್ತದೆ, ಓಡುವಾಗಲೂ ಹಾಗೆಯೇ ಊದುತ್ತದೆ. ಆದ್ದರಿಂದ ಬೆಳಗಿನ ಅಳತೆಗೆ ಸರಿಹೊಂದಿದ ಶೂ ಮೈದಾನದಲ್ಲಿ ಬಿಗಿಯಾಗಬಹುದು.

ಅವರು ಮೊದಲು ಕೈಗೆತ್ತಿಕೊಂಡದ್ದು ಹೊಸ ಶೂವನ್ನಲ್ಲ, ಹಳೆಯದನ್ನು. ಒಳಗಿನ ಇನ್‌ಸೋಲ್ ಎಳೆದು ತೆಗೆದು ದೀಪದ ಕೆಳಗೆ ಹಿಡಿದರು. ಅದರ ಮೇಲೆ ಐದು ಬೆರಳುಗಳ ಕಪ್ಪು ಗುರುತುಗಳಿದ್ದವು. ಒಂದೊಂದೂ ಬಾಲ ಬಿಟ್ಟುಕೊಂಡು ತುದಿಯವರೆಗೂ ಉಜ್ಜಿಹೋಗಿತ್ತು. "ನೋಡಿ ಮಾರಾಯ್ರೆ, ಕಾಲು ಒಂದು ಕಡೆ ನಿಂತೇ ಇಲ್ಲ. ನಿಂತಿದ್ದರೆ ಗುರುತು ಗುಂಡಗೆ ಬೀಳ್ತಿತ್ತು, ಇದು ಉದ್ದಕ್ಕೆ ಬಿದ್ದಿದೆ" ಎಂದರು. ಸಡಿಲವಾದ ಶೂವಿನೊಳಗೆ ಪಾದ ಹೆಜ್ಜೆ ಹೆಜ್ಜೆಗೂ ಮುಂದಕ್ಕೆ ಜಾರಿ ಉಗುರು ತುದಿಗೆ ಬಡಿಯುತ್ತದೆ, ಹಿಮ್ಮಡಿ ಎದ್ದೆದ್ದು ಉಜ್ಜುತ್ತದೆ ಎಂಬುದು ನನಗೆ ಅರ್ಥವಾದದ್ದು ಆ ಇನ್‌ಸೋಲನ್ನು ಕಂಡಾಗ.

ಬಳಿಕ ಅವಳನ್ನು ನಿಲ್ಲಿಸಿ ಎರಡೂ ಪಾದಗಳನ್ನು ಅಳೆದರು. ಕುಳಿತಾಗಿನ ಅಳತೆ ಸಾಲದು, ಮೈಯ ಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಬಲಪಾದ 238 ಮಿಲಿಮೀಟರ್, ಎಡಪಾದ 242. ಯು.ಕೆ. ಅಳತೆಯಲ್ಲಿ ಅರ್ಧ ಸೈಜ್ ಎಂದರೆ ಸುಮಾರು 4.2 ಮಿಲಿಮೀಟರ್, ಅಂದರೆ ಅವಳ ಎರಡು ಕಾಲುಗಳ ನಡುವೆಯೇ ಅರ್ಧ ಸೈಜ್ ಅಂತರವಿತ್ತು. ಇಂಥಲ್ಲಿ ದೊಡ್ಡ ಪಾದಕ್ಕೆ ಹೊಂದುವುದನ್ನೇ ಕೊಂಡು, ಚಿಕ್ಕ ಪಾದದ ಕಡೆ ಮೇಲಿನ ಕೊನೆಯ ತೂತಿಗೂ ಲೇಸ್ ಪೋಣಿಸಿ ಹಿಮ್ಮಡಿಯನ್ನು ಹಿಡಿದಿಡಬೇಕು. ಆ ಕಟ್ಟನ್ನು ಅವರು ಮಗಳ ಕೈಯಿಂದಲೇ ಮೂರು ಸಲ ಮಾಡಿಸಿದರು. ಕೊನೆಗೆ ಆರಿಸಿದ್ದು 5½. ಹಳೆಯದು 6½ ಆಗಿತ್ತು. ಅತಿ ಉದ್ದದ ಬೆರಳಿನ ಮುಂದೆ ಕೈಯ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ, ಬೆರಳುಗಳು ಆಡುವಷ್ಟು ಅಗಲ, ಹಿಮ್ಮಡಿಯಲ್ಲಿ ಸಡಿಲವಿಲ್ಲ. ಅಂಗಡಿಯ ಮುಂದಿನ ಓಣಿಯಲ್ಲಿ ಅವಳನ್ನು ನಾಲ್ಕು ಸುತ್ತು ಓಡಿಸಿಯೇ ಬಿಲ್ ಬರೆದರು.

ಶಾಲೆಯಲ್ಲಿ ಅವಳು ಬ್ಯಾಡ್ಮಿಂಟನ್ ಕೂಡ ಆಡುತ್ತಾಳೆ, ಒಂದೇ ಜೊತೆ ಸಾಕಾಗದೇ ಎಂದು ನಾನು ಕೇಳಿದ್ದಕ್ಕೆ ಅವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಓಟದ ಶೂ ಮುಂದಕ್ಕೆ ಸಾಗುವ ಕಾಲಿಗೆಂದು ಮಾಡಿದ್ದು, ಅದರ ಹಿಮ್ಮಡಿ ಎತ್ತರ, ಸೋಲ್ ಮೆತ್ತಗೆ. ಅಂಕಣದಲ್ಲಿ ಪಕ್ಕಕ್ಕೆ ಹಾರಿ ಥಟ್ಟನೆ ನಿಲ್ಲುವಾಗ ಆ ಎತ್ತರವೇ ಕಾಲಿನ ಗಂಟು ಹೊರಳಲು ಕಾರಣವಾಗಬಹುದು. ಬ್ಯಾಡ್ಮಿಂಟನ್ ಶೂ ನೆಲಕ್ಕೆ ಹತ್ತಿರ, ಬದಿಗಳು ಗಟ್ಟಿ, ಅದರಲ್ಲಿ ಕಿಲೋಮೀಟರುಗಟ್ಟಲೆ ಓಡಿದರೆ ಅಂಗಾಲು ಸೋಲುತ್ತದೆ. ಅಡಿಯಲ್ಲಿ ಮೊಳೆಗಳಿರುವ ಓಟದ ಶೂ, ಅಂದರೆ ಸ್ಪೈಕ್ಸ್ ಬೇಕೆಂದು ಮಗಳು ಹಟ ಹಿಡಿದಿದ್ದಳು. ಸಿಂಥೆಟಿಕ್ ಟ್ರ್ಯಾಕಿನ ಓಟಗಳಲ್ಲಿ ಮೊಳೆಯ ಉದ್ದ 9 ಮಿಲಿಮೀಟರ್ ಮೀರಬಾರದೆಂಬ ನಿಯಮವನ್ನು ಹೇಳಿಕೊಟ್ಟು, ಹಿಮ್ಮಡಿಯ ಕೆಳಗೆ ಹೆಚ್ಚು ಮೆತ್ತೆ ಇಲ್ಲದ ಆ ಶೂವನ್ನು ದಿನದ ಅಭ್ಯಾಸಕ್ಕೆ ಹಾಕಿದರೆ ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜುವಿಗೂ ಏಟು ಎಂದು ತಿಳಿಸಿ, ಸ್ಪರ್ಧೆ ಹತ್ತಿರ ಬಂದಾಗ ನೋಡೋಣ ಎಂದರು. ಮಾರಬಹುದಾಗಿದ್ದ ವಸ್ತುವನ್ನು ಮಾರಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಈ ಅಂಗಡಿಯ ಕ್ರಮ ಒಪ್ಪಿಗೆಯಾಗಲಿಲ್ಲ. ಒದ್ದೆ ಪಾದವನ್ನು ಖಾಕಿ ಕಾಗದದ ಮೇಲೆ ಊರಿಸಿ, ಅಚ್ಚು ಅಗಲವಾಗಿದೆ, ಅಂದರೆ ಪಾದದ ಕಮಾನು ತಗ್ಗು, ಆದ್ದರಿಂದ ಪಾದದ ಒಳಬದಿಗೆ ಆಧಾರ ಕೊಡುವ ದುಬಾರಿ ಶೂವೇ ಬೇಕು ಎಂದು ಅವರು ಮೊದಲು ಒತ್ತಾಯಿಸಿದರು. ಆದರೆ ಅಮೆರಿಕದ ಸೇನೆ, ವಾಯುಪಡೆ ಮತ್ತು ಮೆರೀನ್ ದಳಗಳ ಹೊಸ ಸೈನಿಕರಿಗೆ ಪಾದದಚ್ಚು ನೋಡಿ ಶೂ ಹಂಚಿ ನಡೆಸಿದ ಅಧ್ಯಯನಗಳಲ್ಲಿ, ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟ ಗುಂಪಿಗಿಂತ ಗಾಯಗಳು ಹೇಳುವಷ್ಟು ಕಡಿಮೆಯಾಗಿರಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೋ ನಿಗ್ ಮತ್ತು ಸಂಗಡಿಗರು 2015ರಲ್ಲಿ ಮುಂದಿಟ್ಟ ವಾದವೂ ಇದೇ ದಿಕ್ಕಿನದು: ಓಡುವವರ ಕಾಲಿಗೆ ಹಿತವೆನಿಸುವ ಶೂವೇ ಒಳ್ಳೆಯ ಆಯ್ಕೆ. ಮಗಳು ಎರಡನ್ನೂ ಹಾಕಿ ಓಡಿ, 4,200 ರೂಪಾಯಿಯ ಸಾಧಾರಣ ಶೂವೇ ಹಿತವೆಂದಳು. ಮಾಲಕರು ವಾದಿಸದೆ ಅದನ್ನೇ ಕೊಟ್ಟರು. ಅಗಲ ಪಾದದ ಹೆಣ್ಣುಮಕ್ಕಳಿಗೆ ಇಲ್ಲಿ ಆಯ್ಕೆ ಕಡಿಮೆ ಎಂಬುದನ್ನೂ ಹೇಳಬೇಕು; ನಾವು ನೋಡಿದ ದಿನ ಎರಡೇ ಮಾದರಿಗಳಿದ್ದವು.

ನಮ್ಮ ಕರಾವಳಿಯ ತೇವಕ್ಕೆ ಸಂಬಂಧಿಸಿದ ಅವರ ಸಲಹೆಗಳು ಬೇರೆಲ್ಲೂ ನನಗೆ ಸಿಕ್ಕಿರಲಿಲ್ಲ. ಡಬ್ಬಿಯ ಮೇಲೆ ಅಚ್ಚಾದ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಅವರೇ ಬೆರಳಿಟ್ಟು ತೋರಿಸಿದರು. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್‌ನ ಸೋಲುಗಳು ಗಾಳಿಯ ತೇವಾಂಶದಿಂದ ಒಳಗೊಳಗೇ ಶಿಥಿಲವಾಗುತ್ತವೆ. ವರ್ಷಗಟ್ಟಲೆ ಡಬ್ಬಿಯಲ್ಲೇ ಕುಳಿತ ಹೊಸ ಶೂ ಹಾಕಿದ ವಾರದಲ್ಲೇ ಪುಡಿಯಾಗುವುದುಂಟು. ಮಳೆಗಾಲದಲ್ಲಿ ನೆಂದ ಶೂವನ್ನು ಬಚ್ಚಲ ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ. ಇನ್‌ಸೋಲ್ ತೆಗೆದು, ಒಳಗೆ ಪತ್ರಿಕೆಯ ಕಾಗದ ತುರುಕಿ, ಫ್ಯಾನಿನ ಕೆಳಗೆ ಒಣಗಿಸಬೇಕು. ಬೆರಳ ಸಂದಿಯ ಕೆಸರುಹುಣ್ಣು ಒಣಗದ ಶೂವಿನಿಂದ ಹೆಚ್ಚುತ್ತದೆ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಜೊತೆಗಳನ್ನು ಸರದಿಯಲ್ಲಿ ಹಾಕುವುದು ವಾಸಿ.

ಶೂ ಎಲ್ಲವನ್ನೂ ತಡೆಯುವುದಿಲ್ಲವೆಂಬ ಎಚ್ಚರಿಕೆಯನ್ನು ತರಬೇತುದಾರರು ಆಮೇಲೆ ಕೊಟ್ಟರು. ಪಾದದ ಮೇಲ್ಭಾಗದಲ್ಲಿ ಒಂದೇ ಬಿಂದುವಿನಲ್ಲಿ, ಬೆರಳಿನಿಂದ ಒತ್ತಿದರೆ ಚುಚ್ಚುವ ನೋವು ಬಂದರೆ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಎಲುಬಿನ ಸಣ್ಣ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು.

ಬಿಲ್ ಕೊಡುವಾಗ ಮಾಲಕರು ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ದಿನಾಂಕ ಹಾಕಿ 238, 242 ಎಂದು ಬರೆದು, ನಾಲ್ಕು ತಿಂಗಳಿಗೊಮ್ಮೆ ಬಂದು ಅಳೆಸುವಂತೆ ಹೇಳಿದ್ದರು. ಜನವರಿಯಲ್ಲಿ ಹೋದೆವು. ಎಡಪಾದ 245 ಆಗಿತ್ತು. ಬೆರಳಿನಿಂದ ಶೂವಿನ ತುದಿಯನ್ನು ಒತ್ತಿ ನೋಡಿ, ಇನ್ನೂ ಜಾಗವಿದೆ, ಈಗ ಹೊಸದು ಬೇಡ, ಏಪ್ರಿಲ್‌ನಲ್ಲಿ ಬನ್ನಿ ಎಂದು ಮುಚ್ಚಳದಲ್ಲಿ ಇನ್ನೊಂದು ಸಾಲು ಬರೆದು ಕಳುಹಿಸಿದರು.