ಹಾಸ್ಟೆಲ್ ರೂಮಿನ ಲಿಸ್ಟಿಗೆ ನೋಡದೆ ಸಹಿ ಹಾಕಬೇಡಿ

ಮಹಿಳಾ ಕಾಲೇಜಿನ ಹಾಸ್ಟೆಲ್ಲಿಗೆ ಮೊದಲ ವರ್ಷಕ್ಕೆ ಸೇರುವವರು ಇದನ್ನು ಓದಿಬಿಡಿ. ಅಪ್ಪ ಅಮ್ಮನಿಗೂ ಓದಿಸಿ, ಡಿಪಾಸಿಟ್ ಕಟ್ಟುವವರು ಅವರೇ ತಾನೆ.

ಮೊದಲ ದಿನ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಆಫೀಸಿನ ಮುಂದೆ ಸಾಲು, ಎರಡೂ ಕೈಯಲ್ಲಿ ಲಗೇಜು. ಕೀ ಕೊಡುವ ಮುಂಚೆ ಒಂದು ಹಾಳೆ ಮುಂದೆ ತಳ್ಳುತ್ತಾರೆ. ಮಂಚ 3, ಹಾಸಿಗೆ 3, ಮೇಜು 3, ಕುರ್ಚಿ 3, ಬೀರು 3, ಫ್ಯಾನ್ 1, ಕನ್ನಡಿ 1. ಕೆಳಗೆ ಸಣ್ಣಕ್ಷರದಲ್ಲಿ ‘ಮೇಲ್ಕಂಡ ಎಲ್ಲವನ್ನೂ ಸುಸ್ಥಿತಿಯಲ್ಲಿ ಪಡೆದಿದ್ದೇನೆ’. ರೂಮಿನ ಬಾಗಿಲೇ ಇನ್ನೂ ತೆಗೆದಿಲ್ಲ, ಸುಸ್ಥಿತಿ ಎಲ್ಲಿಂದ ಬಂತು? ಆದರೆ ಸಹಿ ಹಾಕಿದರೇ ಕೀ. ನಮ್ಮ ರೂಮಿನ ಮೂವರೂ ಹಾಕಿದೆವು.

ವರ್ಷದ ಕೊನೆಗೆ ಡಿಪಾಸಿಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಕಡಿತ! ಕಿಟಕಿಯ ಸೊಳ್ಳೆ ಜಾಲರಿ ಹರಿದಿದೆ, ಬೀರುವಿನ ಬೀಗ ಕೆಟ್ಟಿದೆ, ಹಾಸಿಗೆಗೆ ಕಲೆ, ಗೋಡೆಗೆ ಮೊಳೆ ತೂತು. ನಾಲ್ಕೂ ನಾವು ಕಾಲಿಡುವ ಮುಂಚಿನವು. ಅದನ್ನೇ ಹೇಳಿದರೆ ವಾರ್ಡನ್ ಮೇಡಂ ಫೈಲಿನಿಂದ ಆ ಹಾಳೆ ತೆಗೆದು ನಮ್ಮ ಕಡೆ ತಿರುಗಿಸಿ ಇಟ್ಟರು.

‘ನೋಡಮ್ಮ, ಈ ಸಹಿ ನಿಂದೇ ತಾನೆ?’

ನಮ್ಮದೇ. ಅವತ್ತು ಸಾಲಿನಲ್ಲಿ ನಿಂತು, ಬೇರೆಯವರ ಪೆನ್ನು ಇಸ್ಕೊಂಡು ಹಾಕಿದ್ದು. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮೇಡಂ, ಜಾಲರಿ ಮೊದಲೇ ಹರಿದಿತ್ತು ಅಂದರೆ ‘ಮೊದಲೇ ಹೇಳಬೇಕಿತ್ತು’. ಹೇಳಿದ್ವಲ್ಲ ಮೇಡಂ, ಆಫೀಸಿನ ಅಣ್ಣನಿಗೆ? ‘ಬಾಯಲ್ಲಿ ಹೇಳಿದ್ದಕ್ಕೆ ಏನು ದಾಖಲೆ? ಫೋಟೋ ಇದೆಯಾ?’ ಇರಲಿಲ್ಲ.

ಇನ್ನೊಂದು ಉರಿ ಕೇಳಿ. ಮೂವರಲ್ಲಿ ಒಬ್ಬಳು ನಡುವರ್ಷದಲ್ಲೇ ಬೇರೆ ರೂಮಿಗೆ ಹೋಗಿದ್ದಳು. ಕಡಿತ ಮೂರು ಪಾಲಾಗಲಿಲ್ಲ, ಎರಡೇ ಪಾಲು. ‘ಅವಳ ಹೆಸರು ಈ ರೂಮಿನ ರಿಜಿಸ್ಟರಿನಲ್ಲಿ ಇಲ್ಲವಲ್ಲಮ್ಮ.’ ಮುಗೀತು!

ಅದಕ್ಕೇ ಹೇಳೋದು, ರೂಮು ನೋಡದೆ ಸಹಿ ಬೇಡ. ಸಹಿ ಹಾಕದೆ ಕೀ ಕೊಡಲ್ಲ ಅಂದರೆ, ಸಹಿಯ ಪಕ್ಕದಲ್ಲೇ ‘ರೂಮು ಇನ್ನೂ ನೋಡಿಲ್ಲ, 24 ಗಂಟೆಯೊಳಗೆ ದೋಷಗಳ ಪಟ್ಟಿ ಕೊಡುತ್ತೇನೆ’ ಅಂತ ಬರೆದು ದಿನಾಂಕ, ಸಮಯ ಹಾಕಿ. ಗೊಣಗಿದರೆ ಗೊಣಗಲಿ. ಆ ಹಾಳೆಯ ಫೋಟೋ ಅಲ್ಲೇ ತೆಗೆದುಕೊಳ್ಳಿ.

ಆಮೇಲೆ ಬ್ಯಾಗ್ ಬಿಚ್ಚುವ ಮುಂಚೆ ವಿಡಿಯೋ. ಬಾಗಿಲ ಮೇಲಿನ ರೂಮ್ ನಂಬರಿನಿಂದ ಶುರು ಮಾಡಿ, ಎಡಗಡೆ ಗೋಡೆ ಹಿಡಿದು ಒಂದು ಸುತ್ತು, ನಡುವೆ ಎಲ್ಲೂ ನಿಲ್ಲಿಸದೆ. ತುಂಡು ತುಂಡು ಮಾಡಿದರೆ ‘ಇದು ಯಾವ ರೂಮಿನದೋ’ ಅನ್ನುತ್ತಾರೆ. ದಿನಾಂಕ ಬಾಯಲ್ಲೂ ಹೇಳಿ. ಬೀರು ತೆಗೆದು ಬೀಗ ಹಾಕಿ ತೋರಿಸಿ, ಡ್ರಾಯರ್ ಪೂರ್ತಿ ಎಳೆಯಿರಿ, ಫ್ಯಾನ್ ಎಲ್ಲ ಸ್ಪೀಡಿನಲ್ಲೂ ತಿರುಗಲಿ, ಪ್ರತಿ ಸಾಕೆಟ್ಟಿಗೂ ಚಾರ್ಜರ್ ಹಾಕಿ ನೋಡಿ. ಸುಟ್ಟು ಕಪ್ಪಾದ ಸಾಕೆಟ್ಟಿದ್ದರೆ ಹತ್ತಿರದಿಂದ ವಿಡಿಯೋದಲ್ಲಿ ಹಿಡಿಯಿರಿ. ಕಿಟಕಿಯ ಚಿಲಕ, ಜಾಲರಿಯ ನಾಲ್ಕು ಮೂಲೆ, ಗೋಡೆಯಲ್ಲಿ ಮೊಳೆ, ಟೇಪು ಕಿತ್ತ ಗುರುತು. ನಾಲ್ಕೈದು ನಿಮಿಷದ ಕೆಲಸ. ವಿಡಿಯೋ, ದೋಷಗಳ ಪಟ್ಟಿ ಎರಡನ್ನೂ ಮೂವರ ಹೆಸರಲ್ಲೂ ಅವತ್ತೇ ಆಫೀಸಿಗೆ ಈಮೇಲ್ ಮಾಡಿ. ವಾಟ್ಸಾಪಿನಲ್ಲಿ ಕಳಿಸಿದರೆ ವಿಡಿಯೋ ಕುಗ್ಗಿ ಸಣ್ಣ ಬಿರುಕು ಕಾಣಲ್ಲ, ಫೋನ್ ಬದಲಾದರೆ ಚಾಟೂ ಹೋಗಬಹುದು.

ಹಾಸಿಗೆಯನ್ನು ಮಾತ್ರ ಸುಮ್ಮನೆ ಬಿಡಬೇಡಿ. ಎರಡೂ ಮಗ್ಗುಲು ಮಗುಚಿ, ಅಂಚಿನ ಹೊಲಿಗೆಯ ಸಂದನ್ನು ಟಾರ್ಚ್ ಹಾಕಿ ಅಗಲಿಸಿ ನೋಡಿ. ಪೆನ್ನಿನ ಚುಕ್ಕಿಯಂಥ ಕಪ್ಪು ಕಲೆ, ಒಣಗಿದ ಪೊರೆ ಕಂಡರೆ ತಿಗಣೆ. ದೊಡ್ಡ ತಿಗಣೆ 5 ಮಿಲಿಮೀಟರ್ ಇರುತ್ತೆ, ಮೊಟ್ಟೆ 1 ಮಿಲಿಮೀಟರ್ ಅಷ್ಟೇ. ಮಂಚದ ಕೀಲು, ಹಲಗೆಯ ಸಂದಿನಲ್ಲೂ ಇರುತ್ತವೆ. ‘ರಜೆಯಲ್ಲಿ ರೂಮು ಖಾಲಿ ಇತ್ತು, ತಿಗಣೆ ಹೇಗಿರುತ್ತಮ್ಮ’ ಅನ್ನುವ ಉತ್ತರ ಸಿದ್ಧವಾಗಿರುತ್ತೆ. ನಂಬಬೇಡಿ, ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತವೆ. ಹಾಸಿಗೆ, ಮಂಚ ನೋಡಿ ಮುಗಿಸುವವರೆಗೆ ಬ್ಯಾಗನ್ನು ಮಂಚದ ಮೇಲೆ ಇಡಲೇಬೇಡಿ, ಬ್ಯಾಗಿನ ಮಡಿಕೆಯಲ್ಲಿ ಸೇರಿ ಮನೆಗೂ ಬಂದಾವು.

ರೂಮ್‌ಮೇಟ್ ವಿಷಯ. ಎಷ್ಟು ಹೊತ್ತಿಗೆ ಮಲಗುತ್ತೀರಿ, ಲೈಟ್ ಹಾಕಿ ಓದುತ್ತೀರಾ ಅಂತ ಕೇಳುವ ಫಾರ್ಮನ್ನು ಅಮ್ಮನ ಎದುರು ತುಂಬಬೇಡಿ. 10 ಗಂಟೆಗೆ ಮಲಗುತ್ತೇನೆ ಅಂತ ಎಲ್ಲರೂ ಬರೆದಿರುತ್ತಾರೆ, 2 ಗಂಟೆಯವರೆಗೆ ಫೋನಿನಲ್ಲಿ ಮಾತು ನಡೆದಿರುತ್ತೆ. ನಮ್ಮ ಮೂರನೆಯವಳು ರೂಮು ಬಿಟ್ಟಿದ್ದೂ ಇದರಿಂದಲೇ, ಅವಳದು ತಪ್ಪಲ್ಲ. ತಪ್ಪು ಏನೆಂದರೆ, ಬಿಟ್ಟ ದಿನ ಯಾರೂ ಲಿಸ್ಟ್ ತೆಗೆಯಲಿಲ್ಲ. ಒಬ್ಬರು ಹೊರಟರೆ ಅವತ್ತೇ ಆಫೀಸಿನವರನ್ನು ಕರೆದು ಅವರ ಮಂಚ, ಹಾಸಿಗೆ, ಬೀರು ಪರೀಕ್ಷಿಸಿ ಸಹಿ ಮಾಡಿಸಿ, ಕೀ ವಾಪಸ್ ಕೊಟ್ಟಿದ್ದಕ್ಕೂ ರಸೀದಿ ಇರಲಿ. ಇಲ್ಲದಿದ್ದರೆ ಆ ಖಾಲಿ ಮಂಚದ ಲೆಕ್ಕವೂ ಉಳಿದವರ ತಲೆಗೇ.

ಕಡಿತ ಮಾಡಿದರೆ ಪ್ರತಿ ವಸ್ತುವಿಗೆ ಎಷ್ಟು, ಯಾವ ದಿನ ಯಾರು ನೋಡಿದ್ದು, ರಿಪೇರಿ ಬಿಲ್ ಎಲ್ಲಿ ಅಂತ ಬರವಣಿಗೆಯಲ್ಲಿ ಕೇಳಿ. ನಾವೂ ಕೇಳಿದೆವು, ತಡವಾಗಿ. ‘ಆ ರೂಮನ್ನು ಹೊಸ ಹುಡುಗಿಯರಿಗೆ ಕೊಟ್ಟಾಯಿತಮ್ಮ, ಈಗ ಏನು ನೋಡೋದು’ ಅಂದರು. ಅವತ್ತು ವಾಪಸ್ ಬರುವಾಗ ಹೊರಗಿನಿಂದ ಆ ಕಿಟಕಿ ನೋಡಿದೆವು. ಜಾಲರಿ ಅದೇ, ಹರಿದ ಮೂಲೆಯೂ ಅದೇ. ಒಳಗಿರುವ ಹುಡುಗಿಯರೂ ‘ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಅಂತ ಸಹಿ ಹಾಕಿರುತ್ತಾರೆ.